ಪಕ್ಕದ ಮನೆಯ ಮೊಲ

ಕಾಡಿನಲ್ಲಿ ಮೊಲ ಎಷ್ಟಿರಬೇಕು, ನರಿ ಎಷ್ಟಿರಬೇಕು ಎಂಬುದನ್ನು ಇನ್ನು ಮುಂದೆ ನಾನೇ ತೀರ್ಮಾನಿಸುತ್ತೇನೆ ಎಂದು ಆ ಭಾನುವಾರ ಹೆಂಡತಿಯ ಮುಂದೆ ಘೋಷಿಸಿದೆ.

"ಮೊದಲು ಮನೇಲಿ ತರಕಾರಿ ಎಷ್ಟಿರಬೇಕು ಅಂತ ತೀರ್ಮಾನ ಮಾಡಿ," ಎಂದು ಅವಳು ಚೀಲ ಕೈಗಿಟ್ಟಳು.

ನಾನು ಹೈಸ್ಕೂಲಿನ ಜೀವಶಾಸ್ತ್ರದ ಮೇಷ್ಟ್ರು. ಮೊಲ ಹೆಚ್ಚಿದರೆ ಅದನ್ನು ತಿಂದು ನರಿ ಹೆಚ್ಚುತ್ತದೆ. ನರಿ ಹೆಚ್ಚಿದರೆ ಮೊಲ ಮುಗಿದು ನರಿಯೇ ಹಸಿದು ಸಾಯುತ್ತದೆ. ಈ ಏರಿಳಿತವನ್ನು ಚೌಕದ ಮನೆಗಳ ಮೇಲೆ ಆಡಿಸಿ ತೋರಿಸುವ ವಿದ್ಯೆಯೊಂದಿದೆ. "ಅದೆಲ್ಲ ಕಂಪ್ಯೂಟರ್ ಕೆಲಸ ಮೇಷ್ಟ್ರೇ, ನಿಮ್ಮ ಕೈಲಾಗಲ್ಲ ಬಿಡಿ," ಎಂದು ನಮ್ಮ ಕಂಪ್ಯೂಟರ್ ಮೇಡಂ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ನಕ್ಕಿದ್ದರು. ಕಂಪ್ಯೂಟರ್ ಯಾಕೆ? ಮಂಚದ ಕೆಳಗಿನವೂ ಸೇರಿ ನಮ್ಮ ಮಲಗುವ ಕೋಣೆಯ ನೆಲದಲ್ಲಿ ನೂರಿಪ್ಪತ್ತು ಟೈಲ್ಸ್ ಇವೆ! ಒಂದೊಂದು ಟೈಲ್ಸೂ ಒಂದೊಂದು ಮನೆ. ಕ್ಯಾರೆಟ್ ಬಿಲ್ಲೆ ಮೊಲ, ಒಣಮೆಣಸಿನಕಾಯಿ ನರಿ.

ಗಾಂಭೀರ್ಯವಿರಲಿ ಎಂದು ನಿಯಮಗಳನ್ನು ಸರ್ಕಾರಿ ಭಾಷೆಯಲ್ಲಿ ಬರೆದು ಕೋಣೆಯ ಬಾಗಿಲಿಗೆ ಅಂಟಿಸಿದೆ. ಒಂದು: ಪಕ್ಕದ ಮನೆಯಲ್ಲಿ ಮೊಲವಿದ್ದರೆ ಕೂಡಲೇ ತಿನ್ನತಕ್ಕದ್ದು. ಎರಡು: ತಿಂದ ಮೇಲೆ ಆ ಮನೆಯನ್ನು ವಶಪಡಿಸಿಕೊಳ್ಳತಕ್ಕದ್ದು. ಹೀಗೇ ಇನ್ನೂ ನಾಲ್ಕು.

ಐದು ಸುತ್ತು ಎಲ್ಲವೂ ಸರಿಯಾಗಿತ್ತು. ಟೀ ಕುಡಿದು ಬಂದು ಎಣಿಸಿದರೆ ಮೂವತ್ತೊಂದು ಮೊಲಗಳಲ್ಲಿ ಹದಿನೇಳೇ ಉಳಿದಿವೆ. ನರಿಗಳು ಇದ್ದಲ್ಲೇ ಇವೆ. ವಿಜ್ಞಾನ ಕಂಡರಿಯದ ಯಾವುದೋ ರೋಗ ಎಂದು ರೋಮಾಂಚನದಿಂದ ಬರೆದುಕೊಂಡೆ.

ಅಷ್ಟರಲ್ಲಿ ಮನೆ ಓನರ್ ಬಂದರು. ನಿವೃತ್ತ ನ್ಯಾಯಾಧೀಶರು, ಪಕ್ಕದ ಮನೆಯಲ್ಲೇ ಇರುವವರು. ಆರು ವರ್ಷದಲ್ಲಿ ಐದು ಮನೆ ಬದಲಿಸಿ ಸೋತಿದ್ದ ನನ್ನ ಹೆಂಡತಿ, ಇಲ್ಲಿಗೆ ಬಂದ ದಿನವೇ ಎಚ್ಚರಿಸಿದ್ದಳು: "ಇನ್ನೊಂದು ಸಲ ಮನೆ ಬಿಡಿಸಿದ್ರೆ ನಿಮ್ಮ ಜೊತೆ ಸಾಮಾನು ಮಾತ್ರ ಬರುತ್ತೆ, ನಾನು ಬರಲ್ಲ."

"ನಮ್ಮ ಎರಡು ಮೊಲದಲ್ಲಿ ಬಿಳೀದು ಬೆಳಗ್ಗೆಯಿಂದ ಕಾಣ್ತಿಲ್ಲ. ನೀವೇನಾದ್ರೂ ನೋಡಿದ್ರಾ?"

ನನ್ನ ತಲೆ ತುಂಬ ಲೆಕ್ಕವೇ ಇತ್ತು. "ಮೊಲಾನಾ ಸರ್? ಆಗಲೇ ಹದಿನಾಲ್ಕು ಹೋದವು," ಎಂದುಬಿಟ್ಟೆ.

ಅವರ ಕಣ್ಣು ಬಾಗಿಲ ಮೇಲಿನ ಹಾಳೆಗೆ ಹೋಯಿತು. ಕನ್ನಡಕ ಏರಿಸಿ, ಆರೋಪಪಟ್ಟಿ ಓದುವಂತೆ ನಿಧಾನವಾಗಿ ಓದಿದರು.

"ನನ್ನ ಮೊಲ ತಿಂದು, ನನ್ನ ಮನೇನೂ ವಶ ಮಾಡ್ಕೊಳ್ತೀರಾ?"

"ಸರ್, ಮನೆ ಅಂದ್ರೆ ಮನೆ ಅಲ್ಲ."

"ಮತ್ತೇನು, ಬಸ್ ಸ್ಟ್ಯಾಂಡಾ?"

"ಟೈಲ್ಸ್ ಸರ್. ಇಲ್ಲಿ ತಿನ್ನೋದು ನರಿ. ನರಿ ಅಂದ್ರೆ ಮೆಣಸಿನಕಾಯಿ."

"ಓಹೋ, ಮೆಣಸಿನಕಾಯಿ ಬೇರೆ ತಂದಿಟ್ಕೊಂಡಿದ್ದೀರಿ," ಎಂದರು. "ಒಂದನೇ ತಾರೀಖಿಗೆ ಮನೆ ಖಾಲಿ ಮಾಡಿ."

ಅಡುಗೆಮನೆಯಿಂದ ಹೆಂಡತಿ ಓಡಿ ಬಂದಳು. "ಇವರಿಗೆ ನೆಟ್ಟಗೆ ಕ್ಯಾರೆಟ್ ಹೆಚ್ಚೋಕೇ ಬರಲ್ಲ ಸರ್, ಇನ್ನು ಮೊಲ ಹೆಚ್ತಾರಾ?" ಎಂದಳು. ಮಾತು ಜೋರಾಗಿತ್ತು, ಕಣ್ಣು ಮಾತ್ರ ತುಂಬಿತ್ತು.

ಆಗ ಮಂಚದ ಕೆಳಗಿನಿಂದ ಕರುಂ ಕುರುಂ ಎಂಬ ಸದ್ದು ಕೇಳಿತು. ಮೂವರೂ ಮಂಡಿಯೂರಿ ಬಗ್ಗಿದೆವು. ನನ್ನ ಹೊಸ ಸ್ವೆಟರನ್ನು ಹಾಸಿಕೊಂಡು ಓನರ ಬಿಳಿ ಮೊಲ ಕೂತಿತ್ತು. ಬಾಯಲ್ಲಿ ನನ್ನ ಹದಿನೈದನೆಯದೋ ಹದಿನಾರನೆಯದೋ ಮೊಲ! ಪಕ್ಕದಲ್ಲಿ ಹೆಬ್ಬೆರಳು ಗಾತ್ರದ ಐದು ಮರಿಗಳು, ಇನ್ನೂ ಕಣ್ಣು ಬಿಟ್ಟಿರಲಿಲ್ಲ.

"ಎರಡೂ ಗಂಡು ಅಂತ ಹೇಳಿ ಕೊಟ್ಟಿದ್ದನಲ್ಲ ಅಂಗಡಿಯವನು," ಎಂದರು ಓನರು, ಮೆತ್ತಗಾಗಿ.

ಹೆಂಡತಿ ಸಿಕ್ಕ ಸಂದು ಬಿಡುವವಳಲ್ಲ. "ಹಸೀ ಬಾಣಂತಿ ಸರ್, ಜಾಗ ಬದಲಿಸಬಾರದು. ನಾವು ಖಾಲಿ ಮಾಡಿದ್ರೆ ಇಲ್ಲಿ ನೋಡ್ಕೊಳ್ಳೋರು ಯಾರು?"

ನ್ಯಾಯಾಧೀಶರು ನಾಲ್ಕು ಕಾಲಿನ ಮೇಲೆ ಇದ್ದಂತೆಯೇ ತೀರ್ಪು ಕೊಟ್ಟರು: "ತಡೆಯಾಜ್ಞೆ. ಇವಳು ಇರೋವರೆಗೆ ನೀವೂ ಇರಬಹುದು."

ಮಂಚವಿದ್ದ ಕೋಣೆ ಅವಳಿಗೆ ಹೋಯಿತು. ನಾವು ನಡುಮನೆಯಲ್ಲಿ ಚಾಪೆ ಹಾಸಿದೆವು. ಮರುದಿನ ಬೆಳಗ್ಗೆ ಓನರು ಸೊಪ್ಪಿನ ಕಟ್ಟು ಹಿಡಿದು ಬಾಗಿಲಿಗೆ ಬಂದರು. ಮುಖದಲ್ಲಿ ಕರುಣೆ ತುಳುಕುತ್ತಿತ್ತು.

"ಈಗ ಆರೋಗ್ಯ ಹೇಗಿದೆಯಮ್ಮ? ನಿದ್ದೆ ಬಂತಂತಾ?" ಎಂದು ಹೆಂಡತಿಯನ್ನು ಕೇಳಿದರು.

ಮುದುಕರು ಕ್ಷಮಿಸಿಬಿಟ್ಟರಲ್ಲ ಎಂದು ನಾನೇ ಮುಂದೆ ಬಂದೆ. "ಚೆನ್ನಾಗಿದ್ದೀನಿ ಸರ್, ಸೊಂಟ ಒಂದು ಸ್ವಲ್ಪ ಹಿಡ್ಕೊಂಡಿದೆ," ಎಂದೆ.

ಅವರು ನನ್ನನ್ನು ದಾಟಿಕೊಂಡು ಕೋಣೆಯ ಕಡೆ ನಡೆದರು.

"ನಿಮ್ಮನ್ನಲ್ಲ ರೀ ಕೇಳಿದ್ದು."