ಕಿಣ್ವ ಕೊಂಡ ಕಥೆ

ಬೇರೆಯವರ ಮನೆಯಲ್ಲಿ ಚಿನ್ನಕ್ಕೋ ಅತ್ತೆಯ ಮಾತಿಗೋ ಜಗಳವಾಗುತ್ತದಂತೆ. ನಮ್ಮಲ್ಲಿ ಪ್ರತಿ ಸಲ ಎಡವಟ್ಟಾದದ್ದು ಒಂದೇ ಶಬ್ದದಿಂದ: ಕಿಣ್ವ. ನನ್ನ ಹೆಂಡತಿ ಮದುವೆಗೆ ಮುಂಚೆ ಉಡುಪಿ ಕಡೆ ಕನ್ನಡ ಶಾಲೆಯಲ್ಲಿ ವಿಜ್ಞಾನದ ಟೀಚರ್. ನನ್ನದು ಲೇಕ್ ಗಾರ್ಡನ್ಸಿನಲ್ಲಿ ಇಡ್ಲಿ ಹೋಟೆಲು. ಈ ಬಂಗಾಳಿಗಳ ಊರಲ್ಲಿ ಕನ್ನಡದ ವಿಜ್ಞಾನ ಯಾರಿಗೆ ಬೇಕು? ಅವಳಿಗೆ ಉಳಿದ ವಿದ್ಯಾರ್ಥಿ ನಾನೊಬ್ಬನೇ, ಅದೂ ದಡ್ಡ.

ಪಪ್ಪಾಯಿ

ಬಂದ ಹೊಸತು. ಮಾರ್ಕೆಟ್ಟಿನಲ್ಲಿ ಹಸಿ ಪಪ್ಪಾಯಿ ತೋರಿಸಿ, "ಇದ್ರಲ್ಲಿ ಕಿಣ್ವ ಉಂಟು. ತಿಂದದ್ದನ್ನು ಒಡೆದು ಜೀರ್ಣ ಮಾಡ್ತದೆ. ಒಳ್ಳೆ ಕಿಣ್ವ" ಎಂದಳು. ಬಂಗಾಳಿಯಲ್ಲಿ ‘ಕಿನ್‌ಬೋ’ ಎಂದರೆ ‘ಕೊಳ್ಳುತ್ತೇನೆ’. ಅವಳು ಎರಡು ಸಲ ಅಂದದ್ದಕ್ಕೆ ಮಾರುವವನು ಎರಡು ಪಪ್ಪಾಯಿ ತೂಗಿ ಚೀಲಕ್ಕೆ ಹಾಕಿಯೇ ಬಿಟ್ಟ. ವಾರವಿಡೀ ಪಲ್ಯ, ಸಾಂಬಾರು, ಕಡೆಗೆ ಪಾಯಸವೂ ಅದರದ್ದೇ. ಜೀರ್ಣವಾಗದೆ ಉಳಿದದ್ದು ಪಪ್ಪಾಯಿ ಒಂದೇ.

ಹಿಟ್ಟು

ಜನವರಿಯ ಚಳಿಗೆ ಇಡ್ಲಿ ಹಿಟ್ಟು ಉಬ್ಬಲಿಲ್ಲ. "ಹುಳಿ ಬರಿಸುವ ಕಿಣ್ವಕ್ಕೆ ಬೆಚ್ಚಗೆ ಬೇಕು. ಪಾತ್ರೆಗೆ ಕಂಬಳಿ ಸುತ್ತಿ" ಎಂದಳು. "ಕಂಬಳಿ ನನಗೇ ಸಾಲದು, ನಿನ್ನ ಕಿಣ್ವಕ್ಕೆ ಬೇರೆ ಹೊದೆಸಬೇಕಾ?" ಎಂದು ರೇಗಿದೆ. ಮರುದಿನ ಇಡ್ಲಿ ಚಪ್ಪಟೆ, ಗಟ್ಟಿ. ಬಂಗಾಳಿ ಹಿರಿಯರೊಬ್ಬರು ಮಾತ್ರ ಚಪ್ಪರಿಸಿ ತಿಂದು, "ಪೀಠೆ ಚೆನ್ನಾಗಿದೆ, ಬೆಲ್ಲ ಎಲ್ಲಿ?" ಎಂದರು. ಪೀಠೆ ಎಂದರೆ ಇವರ ಸಂಕ್ರಾಂತಿಯ ಅಕ್ಕಿ ಕಡುಬು. ಅವರಿಗೆ ಬೆಲ್ಲ ಕೊಟ್ಟೆ. ಹೆಂಡತಿಗೆ ‘ನೀನು ಹೇಳಿದ್ದೇ ಸರಿ’ ಎಂಬ ಒಂದು ಮಾತು ಕೊಡಲಿಲ್ಲ.

ಪಾಠ

ನಮ್ಮ ಕನ್ನಡ ಸಂಘದವರು ಮಕ್ಕಳಿಗೆ ಆಹಾರದ ಬಗ್ಗೆ ಪಾಠ ಮಾಡಲು ಅವಳನ್ನು ಕರೆದರು. ಎಷ್ಟೋ ವರ್ಷದ ಮೇಲೆ ಪಾಠ! ಕೂತು ಚಾರ್ಟು ಬರೆದಳು, ಟೀಚರ್ ಆಗಿದ್ದಾಗಿನ ಸೀರೆಗೆ ಇಸ್ತ್ರಿ ಹಾಕಿಸಿದಳು. ಪರಿಚಯ ಮಾಡುವ ಕೆಲಸ ನನ್ನದು. ಬಾಯಿ ಸುಮ್ಮನಿರಬೇಕಲ್ಲ, ಪಪ್ಪಾಯಿ ಕಥೆ ಹೇಳಿ ನಗಿಸಿದೆ. ಅವಳು ಎದ್ದು "ಕಿಣ್ವ ಎಂದರೆ..." ಎನ್ನುತ್ತಿದ್ದಂತೆ ಮಕ್ಕಳೆಲ್ಲ ಒಟ್ಟಿಗೆ, "ಕೀ ಕಿನ್‌ಬೇನ್, ಆಂಟಿ?" ಎಂದು ಕೂಗಿದರು. ಏನು ಕೊಳ್ಳುತ್ತೀರಿ ಎಂದು. ಸಭೆಯೆಲ್ಲ ನಕ್ಕಿತು, ಎಲ್ಲರಿಗಿಂತ ಜೋರಾಗಿ ನಾನು. ಅವಳೂ ನಕ್ಕು, ಚಾರ್ಟು ಸುತ್ತಿಟ್ಟು ಕೂತುಬಿಟ್ಟಳು.

ಆಮೇಲೆ ಮನೆಯಲ್ಲಿ ಆ ಶಬ್ದ ಕೇಳಿಲ್ಲ. ಹಿಟ್ಟು ಉಬ್ಬಿದರೂ ಉಬ್ಬದಿದ್ದರೂ ಅವಳು ಏನೂ ಹೇಳುವುದಿಲ್ಲ. ಒಂದು ನಗುವಿಗೋಸ್ಕರ ಅವಳ ಪಾಠವನ್ನೇ ನಿಲ್ಲಿಸಿಬಿಟ್ಟೆ.

ಮೊನ್ನೆ ತಡೆಯಲಾರದೆ ಅಡುಗೆಮನೆ ಬಾಗಿಲಲ್ಲಿ ನಿಂತು, "ಟೀಚರೇ, ಕಿಣ್ವ ಎಂದರೇನು? ನನಗೊಂದು ಪಾಠ ಮಾಡಿ" ಎಂದೆ. ಕಾಯಿ ತುರಿಯುತ್ತಿದ್ದವಳು ತಲೆ ಎತ್ತಲಿಲ್ಲ.

"ಈಗ ಕೊಳ್ಳಲಿಕ್ಕೆ ಬಂದ್ರಾ ಮಾರಾಯ್ರೆ? ಅಂಗಡಿ ಮುಚ್ಚಿ ಆಯ್ತು."