ಸ್ಟೇಶನ್ನುಗಳು ಮನೆ ಬದಲಿಸಿದ ಗುರುವಾರ

ಯಾರದು, ಈ ಮುದುಕನಿಗೆ ಮರೆವು ಅಂದದ್ದು? ನಿಮ್ಮ ಹೆಂಡತಿಯ ಫೋನ್ ನಂಬರು ನಿಮಗೆ ಬಾಯಿಗೆ ಬರುವುದಿಲ್ಲ, ನನ್ನ ನೆನಪನ್ನು ಅಳೆಯಲು ಬಂದಿದ್ದೀರಿ! ಸುಮ್ಮನೆ ಕೇಳಿ. ಎಪ್ಪತ್ತೆಂಟನೇ ಇಸವಿ, ನವೆಂಬರ್ ತಿಂಗಳು, ಗುರುವಾರ. ಲಂಡನ್ನಿನ ಉತ್ತರಕ್ಕಿರುವ ಬರ್ನ್ಲಿ ಊರಿನ ಕ್ಲೆಗ್ ಸ್ಟ್ರೀಟಿನಲ್ಲಿ ನಮ್ಮ ಎದುರು ಮನೆಯ ಅಂಬ್ರೋಸ್ ಎಂಟ್ವಿಸಲ್ ತನ್ನ ಅಡುಗೆಮನೆಯ ರೇಡಿಯೋ ಮುಂದೆ ಮಂಡಿಯೂರಿ ಕೂತಿದ್ದ. ನಾನು ಅಲ್ಲೇ ಇದ್ದೆ, ಅವನ ಹೆಂಡತಿ ಮಾಡಿದ ಶುಂಠಿ ಕೇಕು ತಿನ್ನುತ್ತಾ.

ಆ ಬೆಳಿಗ್ಗೆಯೇ ದೇಶದ ರೇಡಿಯೋ ಸ್ಟೇಶನ್ನುಗಳೆಲ್ಲ ಮುಳ್ಳಿನ ಪಟ್ಟಿಯ ಮೇಲೆ ತಮ್ಮ ಜಾಗ ಬದಲಿಸಿದ್ದವು. ಒಂದೇ ದಿನ ಬೀದಿಯ ಅಷ್ಟೂ ಬಾಡಿಗೆದಾರರು ಮನೆ ಬದಲಿಸಿದರೆ ಹೇಗಿರುತ್ತದೆ ಹೇಳಿ, ಹಾಗೆ. ನಿನ್ನೆ ಹಾಡು ಬರುತ್ತಿದ್ದ ಮನೆಯಲ್ಲಿ ಇವತ್ತು ಯಾರೋ ಗಂಟಲು ಸರಿಮಾಡಿಕೊಂಡು ಭಾಷಣ ಬಿಗಿಯುತ್ತಿದ್ದರು. ಮುಳ್ಳನ್ನು ಎಲ್ಲಿಗೆ ತಿರುಗಿಸಬೇಕು ಎಂದು ಗುರುತು ಹಾಕಿಕೊಳ್ಳಲು ಅಂಟುಚೀಟಿ ಹಂಚಿದ್ದರು. ಅಂಬ್ರೋಸ್ ಅದನ್ನು ಎಷ್ಟು ಶ್ರದ್ಧೆಯಿಂದ ಅಂಟಿಸಿದ್ದನೆಂದರೆ ಚೀಟಿ ಕಾಣುತ್ತಿತ್ತು, ಅದರ ಹಿಂದೆ ಮುಳ್ಳೇ ಕಾಣುತ್ತಿರಲಿಲ್ಲ.

ಬೇರೆ ದಿನವಾಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಅವತ್ತು ಅವನ ಅತ್ತೆ ಹನ್ನಾ ಒರ್ಮರಾಡ್‌ಗೆ ಎಂಬತ್ತು ತುಂಬಿತ್ತು. ಆಕೆಯ ಗಂಡ ಸತ್ತು ಆರೇಳು ತಿಂಗಳಾಗಿತ್ತು. ಅವನು ಬಿಟ್ಟುಹೋದ ಪಾರಿವಾಳದ ಗೂಡಿನ ಬೀಗದ ಕೈ ಆಕೆಯ ಚೀಲದಲ್ಲಿತ್ತು. ಗೂಡೆಂದರೆ ಸಣ್ಣದಲ್ಲ, ಆಳು ನಿಲ್ಲುವಷ್ಟು ಎತ್ತರದ ಮರದ ಮನೆ, ತುಂಬ ಪಂದ್ಯದ ಹಕ್ಕಿಗಳು. "ನನ್ನ ಹುಟ್ಟಿದಹಬ್ಬದ ದಿನ ಇಬ್ಬರು ಅಳಿಯಂದಿರಲ್ಲಿ ಒಬ್ಬನಿಗೆ ಕೊಡ್ತೀನಿ" ಎಂದು ಆಕೆ ಘೋಷಿಸಿದ್ದಳು. ಅಂಬ್ರೋಸ್ ಆ ಹಕ್ಕಿಗಳನ್ನು ಕಂಡರೆ ಪ್ರಾಣ ಬಿಡುತ್ತಿದ್ದ. ಇನ್ನೊಬ್ಬ ಅಳಿಯ ನಾರಿಸ್‌ಗೆ ಹಕ್ಕಿಗಿಂತ ಅವು ಗೆದ್ದು ತರುವ ಕಪ್ಪುಗಳ ಮೇಲೆ ಕಣ್ಣು.

ಆದ್ದರಿಂದ ಅಂಬ್ರೋಸ್ ಯಾರಿಗೂ ಹೇಳದೆ, ಹೆಂಡತಿ ವಿನ್ನಿಗೂ ಹೇಳದೆ, ಮೂಲೆಯ ಟೆಲಿಫೋನ್ ಡಬ್ಬಿಯಿಂದ ರೇಡಿಯೋದವರಿಗೆ ಫೋನ್ ಮಾಡಿದ್ದ. ಬೆಳಗಿನ ಮೆಚ್ಚುಗೆಯ ಹಾಡುಗಳ ನಡುವೆ ಅತ್ತೆಗೊಂದು ಶುಭಾಶಯ, ಆಮೇಲೆ ಆಕೆ ತನ್ನ ಮದುವೆಯಲ್ಲಿ ಕುಣಿದಿದ್ದ ವಾಲ್ಟ್ಸ್ ಕುಣಿತದ ಹಾಡು. ಗುರುವಾರ ಹತ್ತು ಗಂಟೆಯ ಮೇಲೆ ಖಂಡಿತ ಹಾಕುತ್ತೇವೆ ಎಂದು ಅಲ್ಲಿನ ಹುಡುಗಿ ಮಾತು ಕೊಟ್ಟಿದ್ದಳು. ಮಿಲ್ಲಿಗೆ ರಜೆ ಹಾಕಿ, ಅತ್ತೆಯನ್ನು ಕರೆತಂದು, ಒಳ್ಳೆಯ ಕುರ್ಚಿಯಲ್ಲಿ ಕೂರಿಸಿದ್ದ.

"ಏನಯ್ಯಾ ಅಂಬ್ರೋಸ್, ಹುಟ್ಟಿದಹಬ್ಬಕ್ಕೆ ಕರೆದು ಇದೇನು ಬೆಕ್ಕಿನ ಜಗಳ ಕೇಳಿಸ್ತಿದೀಯ?" ಎಂದಳು ಮುದುಕಿ. ರೇಡಿಯೋ ಕೀಚಲಿಡುತ್ತಿತ್ತು.

"ಒಂದೇ ನಿಮಿಷ ಅಮ್ಮಾ. ಒಂದು ವಿಷಯ ಇದೆ, ಆಮೇಲೆ ಗೊತ್ತಾಗತ್ತೆ."

ಕೀಚಲು ಕೇಳಿ ಪಕ್ಕದ ಮನೆಯ ಮಿಸೆಸ್ ಬಿಕರ್‌ಸ್ಟಾಫ್ ಬಾಗಿಲು ತಟ್ಟದೆಯೇ ಒಳಗೆ ಬಂದಳು. ಆಕೆಗೆ ಗೊತ್ತಿಲ್ಲದ ವಿಷಯ ಬರ್ನ್ಲಿಯಲ್ಲಿ ಹುಟ್ಟಿರಲಿಲ್ಲ. "ಅಯ್ಯೋ, ಗೋಡೆ ಕಡೆ ಮುಖ ಮಾಡಿಟ್ರೆ ಎಲ್ಲಿಂದ ಬರತ್ತೆ? ಕಿಟಕಿ ಕಡೆ ತಿರುಗಿಸಪ್ಪಾ, ಲಂಡನ್ ಆ ಕಡೆ ಇರೋದು!"

ತಿರುಗಿಸಿದ. ಈರುಳ್ಳಿಗೆ ಬರುವ ರೋಗದ ಬಗ್ಗೆ ಯಾರೋ ಮಾತಾಡಿದರು. ಇನ್ನಷ್ಟು ತಿರುಗಿಸಿದ. ಡಚ್ ಭಾಷೆಯಲ್ಲಿ ಒಬ್ಬ ಹೆಂಗಸು ಯಾರನ್ನೋ ಬೈದಳು.

"ನನ್ನ ಮನೆಯವರು ಇದ್ದಿದ್ರೆ ಇಷ್ಟು ಹೊತ್ತಿಗೆ ಒಂದು ಗುದ್ದು ಗುದ್ದಿರೋರು" ಎಂದಳು ಅತ್ತೆ.

"ರೇಡಿಯೋಗಾ?" ಎಂದಳು ವಿನ್ನಿ.

"ಅಂಬ್ರೋಸ್‌ಗೆ."

ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ನಮ್ಮ ಬೀದಿಯವನೇ ಆದ ಹ್ಯಾಸ್ಲಮ್ ಬಂದ. ಯುದ್ಧದಲ್ಲಿ ಹಡಗಿನ ಮೇಲಿದ್ದವನು. ಆಲೂಗಡ್ಡೆ ಸುಲಿಯುವ ಕೆಲಸ. ಆದರೆ ಸುಲಿಯುವ ಜಾಗ ವೈರ್‌ಲೆಸ್ ಕೋಣೆಯ ಪಕ್ಕದಲ್ಲೇ ಇತ್ತಂತೆ, ಹಾಗಾಗಿ ವಿದ್ಯೆ ಅಂಟಿಕೊಂಡಿತ್ತು. ಸೆಟ್ಟನ್ನು ಡಾಕ್ಟರರ ಹಾಗೆ ತಟ್ಟಿ ನೋಡಿ ತೀರ್ಪು ಕೊಟ್ಟ. "ಏರಿಯಲ್ ಸಾಲದು. ತಂತಿ ತಾ. ಎತ್ತರಕ್ಕೆ ಕಟ್ಟಬೇಕು."

ತಂತಿ ಎಲ್ಲಿಂದ ಬರಬೇಕು? ಬಟ್ಟೆ ಒಣಹಾಕುವ ತಂತಿಯನ್ನೇ ಬಿಚ್ಚಿದರು. ಅದರ ಮೇಲಿದ್ದ ಮಿಸೆಸ್ ಬಿಕರ್‌ಸ್ಟಾಫ್‌ಳ ಒಳಬಟ್ಟೆಗಳು ಒದ್ದೆ ನೆಲದ ಮೇಲೆ ಬಿದ್ದವು. "ನನ್ನ ಮಾನ ಬೀದಿಗೆ ಬಂತು!" ಎಂದು ಆಕೆ ಓಡಿದಳು. ಅಂಬ್ರೋಸ್ ಕ್ಷಮೆ ಕೇಳುತ್ತಲೇ ತಂತಿಯ ತುದಿ ಹಿಡಿದು ಹಿತ್ತಲಿನ ಕಲ್ಲಿದ್ದಲ ಗೂಡಿನ ಮಾಡು ಹತ್ತಿದ.

"ಸ್ವಲ್ಪ ಎತ್ತು!" ಹ್ಯಾಸ್ಲಮ್ ಅಡುಗೆಮನೆಯಿಂದ ಕೂಗಿದ.

ಕೈ ಎತ್ತಿದ. ಒಳಗೆ ಪಿಟೀಲು ಕೇಳಿಸಿತು. ಕೈ ಇಳಿಸಿದ. ಹೋಯಿತು.

"ಇಳಿಸಬೇಡ ಕಣೋ! ಇನ್ನೂ ಮೇಲೆ! ಎಡಗಾಲು ಎತ್ತಿ ನೋಡು!"

"ಕಾಲಿಗೂ ರೇಡಿಯೋಗೂ ಏನ್ ಸಂಬಂಧ ಮಾರಾಯಾ?"

"ವೈರ್‌ಲೆಸ್ ಕಲಿತೋನು ನಾನೋ ನೀನೋ?"

ಅಂಬ್ರೋಸ್ ಎಡಗಾಲು ಎತ್ತಿದ. ನಿಜ ಹೇಳುತ್ತೇನೆ, ಸ್ವರ ತಿಳಿಯಾಯಿತು! ತೆಳ್ಳಗಿನ ಮಳೆಯಲ್ಲಿ ಒಂಟಿ ಕಾಲಿನ ಮೇಲೆ, ಕೈ ಆಕಾಶಕ್ಕೆ ಚಾಚಿ, ಮೀನು ಸಿಗದ ಕೊಕ್ಕರೆಯ ಹಾಗೆ ನಿಂತ. ಆ ನೋಟ ಬಿಡಲಾಗದೆ ನಾನೂ ವಿನ್ನಿಯೂ ಹಿತ್ತಲಿಗೆ ಬಂದೆವು. ಬೀದಿಯ ಇನ್ನೂ ನಾಲ್ಕು ಜನ ಗೋಡೆಯ ಮೇಲಿನಿಂದ ಬಗ್ಗಿ, ಯಾವ ಕಾಲು ಎತ್ತಬೇಕು ಎಂದು ತಮ್ಮ ತಮ್ಮ ಅಭಿಪ್ರಾಯ ಕೊಟ್ಟರು.

ಆಗ ಬಂತು ನೋಡಿ. "...ಎಂಬತ್ತು ತುಂಬಿದ ನಿಮಗೆ, ಬರ್ನ್ಲಿಯಿಂದ, ತುಂಬು ಪ್ರೀತಿಯ ಶುಭಾಶಯ" ಎಂದು ಹೇಳಿ ಮುಗಿಸುತ್ತಿದ್ದ ಗಂಡಸಿನ ದನಿ, ಬೆನ್ನಿಗೇ ವಾಲ್ಟ್ಸ್.

"ಬಂತು! ಅಮ್ಮಾ, ನಿಮಗೇ ಅದು!" ಅಂಬ್ರೋಸ್ ಖುಷಿಯಿಂದ ಎರಡನೇ ಕಾಲನ್ನೂ ಎತ್ತಿಬಿಟ್ಟ. ಕಲ್ಲಿದ್ದಲ ಗೂಡಿನ ಮೇಲಿನಿಂದ ಜಾರಿ, ಮಿಸೆಸ್ ಬಿಕರ್‌ಸ್ಟಾಫ್ ಆಗಷ್ಟೇ ಹೆಕ್ಕಿ ತುಂಬಿಟ್ಟಿದ್ದ ಬಟ್ಟೆಯ ಬುಟ್ಟಿಯೊಳಗೆ ಬಿದ್ದ. ಪುಣ್ಯಕ್ಕೆ ಏನೂ ಮುರಿಯಲಿಲ್ಲ. ಎದ್ದು, ಕಲ್ಲಿದ್ದಲ ಮಸಿ ಮೆತ್ತಿದ ಕಪ್ಪು ಮುಖದಲ್ಲಿ ಬಿಳಿ ಹಲ್ಲು ತೋರಿಸುತ್ತಾ ಅಡುಗೆಮನೆಗೆ ಓಡಿದ.

ಒಳ್ಳೆಯ ಕುರ್ಚಿ ಖಾಲಿ ಇತ್ತು.

"ಎಲ್ಲಿ?" ಎಂದ.

"ಆಗಲೇ ಹೋದ್ರಲ್ಲ" ಎಂದ ಹ್ಯಾಸ್ಲಮ್, ನನ್ನ ಪಾಲಿನ ಕೇಕು ಜಗಿಯುತ್ತಾ. "ತಲೆ ಸಿಡೀತಿದೆ, ನಾರಿಸ್ ಮನೇಲಿ ಟೀ ಕುಡೀತೀನಿ ಅಂದ್ರು. ಹೇಳಿದ್ರೆ ನೀನು ಕಾಲು ಇಳಿಸಿಬಿಡ್ತೀಯ ಅಂತ ನಾನು ಹೇಳಲಿಲ್ಲ."

ನಾರಿಸ್‌ನ ಮನೆ ಬೀದಿಯ ಕೊನೆಯಲ್ಲಿ. ಎಲ್ಲರೂ ಓಡಿದೆವು. ಬಾಗಿಲು ತೆಗೆದರೆ ಮುದುಕಿ ಕಣ್ಣೀರು ಒರೆಸಿಕೊಳ್ಳುತ್ತಾ ನಗುತ್ತಿದ್ದಾಳೆ. ಪಕ್ಕದಲ್ಲಿ ನಾರಿಸ್‌ನ ರೇಡಿಯೋ ಗಾಜಿನಷ್ಟು ಸ್ವಚ್ಛವಾಗಿ ಹಾಡುತ್ತಿದೆ. ಸೋಮಾರಿ ನಾರಿಸ್ ಚೀಟಿ ಅಂಟಿಸಿರಲಿಲ್ಲ, ಮುಳ್ಳೂ ಮುಟ್ಟಿರಲಿಲ್ಲ. ಅವನದು ಹೊಸ ಸೆಟ್ಟು, ಈಗ ನೀವು ಎಫ್.ಎಂ. ಅನ್ನುತ್ತೀರಲ್ಲ, ಅದು. ಅದರಲ್ಲಿ ಅವತ್ತು ಯಾವುದೂ ಬದಲಾಗಿರಲಿಲ್ಲ.

"ಕೇಳಿದ್ರಾ ಅಮ್ಮಾ?" ಅಂಬ್ರೋಸ್ ಏದುಸಿರು ಬಿಟ್ಟ.

"ಒಂದಕ್ಷರ ಬಿಡದೆ ಕೇಳಿದೆ! 'ಹನ್ನಾ ಒರ್ಮರಾಡ್‌ಗೆ, ಅವರನ್ನು ಹೆತ್ತ ತಾಯಿಯಂತೆ ಕಾಣುವ ಅಳಿಯನಿಂದ' ಅಂದ್ರು. ನಾರಿಸ್ ಒಳಗೆ ಇಷ್ಟು ಪ್ರೀತಿ ಇದೆ ಅಂತ ನನಗೇನು ಗೊತ್ತಿತ್ತು!"

ಬೀಗದ ಕೈ ಆಗಲೇ ನಾರಿಸ್‌ನ ಅಂಗೈಯಲ್ಲಿತ್ತು. ಅವನ ಬಾಯಿ ತುಂಬ ಬನ್ನಿತ್ತು. ನುಂಗುವ ಆತುರ ಕಾಣಲಿಲ್ಲ.

"ಅಮ್ಮಾ, ಅದು ನಾನು! ಫೋನ್ ಮಾಡಿದ್ದು ನಾನು!"

"ನಾಚ್ಕೆ ಆಗಲ್ವೇನಯ್ಯಾ, ಇನ್ನೊಬ್ಬರ ಹೆಸರು ಹೊಡ್ಕೊಳೋಕೆ? ನೀನೇ ಹೇಳಿಸಿದ್ರೆ ನಿನ್ನ ರೇಡಿಯೋದಲ್ಲಿ ಈರುಳ್ಳಿ ರೋಗ ಯಾಕೆ ಬರ್ತಿತ್ತು?"

ವಿನ್ನಿ ಗಂಡನನ್ನು ಮೂಲೆಗೆ ಎಳೆದಳು. "ಹೆಸರು ಯಾಕೆ ಹೇಳಲಿಲ್ಲರೀ?"

"ಆ ಹುಡುಗಿ ಕೇಳಿದ್ಲು ಕಣೇ. ಬೇಡ ಅಂದೆ. ದೇಶಕ್ಕೆಲ್ಲ ನಮ್ಮ ಹೆಸರು ಸಾರಿಸ್ಕೊಂಡ್ರೆ ಬೀದಿಯವರು ಜಂಬ ಅನ್ನಲ್ವಾ?"

ನಮ್ಮ ಬೀದಿಯಲ್ಲಿ ಕಳ್ಳನನ್ನು ಬೇಕಾದರೂ ಕ್ಷಮಿಸುತ್ತಿದ್ದರು, ಜಂಬದವನನ್ನಲ್ಲ.

ವಾರ ಕಳೆಯುವುದರೊಳಗೆ ನಾರಿಸ್‌ಗೆ ಒಂದು ಸತ್ಯ ಗೊತ್ತಾಯಿತು: ಹಕ್ಕಿಗಳು ಬೆಳಗಾಗುವ ಮೊದಲೇ ಏಳುತ್ತವೆ, ತಿನ್ನುತ್ತವೆ, ತಿಂದದ್ದನ್ನು ಅಲ್ಲೇ ಬಿಡುತ್ತವೆ. ಅವನು ಅಂಬ್ರೋಸ್‌ನ ಬಾಗಿಲಿಗೆ ಬಂದ. "ನಿನಗೆ ಅವುಗಳ ಮೇಲೆ ಪ್ರೀತಿ ಅಲ್ವಾ? ಬಂದು ಕಾಳು ಹಾಕಿ, ಗುಡಿಸಿ ಹೋಗು. ನನ್ನದೇನೂ ಅಭ್ಯಂತರ ಇಲ್ಲ."

"ನೋಡಿದ್ಯಾ ಅವನ ದೊಡ್ಡ ಮನಸ್ಸು!" ಎಂದಳು ಅತ್ತೆ.

ಮರುವರ್ಷ ಹಕ್ಕಿಗಳು ಎರಡು ಪಂದ್ಯ ಗೆದ್ದವು. ಕಪ್ಪುಗಳು ನಾರಿಸ್‌ನ ಮನೆಯಲ್ಲಿ ಕೂತವು, ಹಿಕ್ಕೆ ಅಂಬ್ರೋಸ್‌ನ ಹೆಗಲ ಮೇಲೆ. ನಾನು ಬೆಳಿಗ್ಗೆ ಆ ಕಡೆ ಹೋದಾಗ ಅವನು ಬಕೆಟ್ ಬೋರಲು ಹಾಕಿ ಕೂತು, ಎದೆಗೊಂದು ಹಕ್ಕಿ ಅವುಚಿಕೊಂಡು ಅದರ ಜೊತೆ ಏನೋ ಗುಟ್ಟು ಮಾತಾಡುತ್ತಿದ್ದ. ದುಃಖದಲ್ಲಿರುವ ಮನುಷ್ಯನ ಹಾಗೆ ನನಗಂತೂ ಕಾಣಲಿಲ್ಲ.

ಇದನ್ನು ನಾಲ್ಕು ಜನಕ್ಕೆ ಕಳಿಸಿ. ಬೇಕಾದರೆ ನನ್ನ ಹೆಸರು ಬಿಡಿ, ಊರಿನ ಹೆಸರು ಬಿಡಿ. ಅಂಬ್ರೋಸ್ ಎಂಟ್ವಿಸಲ್ ಎಂಬುದನ್ನು ಮಾತ್ರ ಪೂರ್ತಿಯಾಗಿ, ಗಟ್ಟಿಯಾಗಿ ಹೇಳಿ.