ಬೊಳ್ಳಿಯ ಹಾಲು ಪರೀಕ್ಷೆಗೆ ಹೋದದ್ದು

ಹಾಲಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಆ ಪಾಠ ಹೇಳಿದವಳೇ ನಾನು! ಶಿರ್ತಾಡಿ ಹತ್ತಿರದ ಶಾಲೆಯಲ್ಲಿ ವಿಜ್ಞಾನದ ಟೀಚರಾಗಿದ್ದು ನಿವೃತ್ತಳಾದವಳು. "ಹಾಲಿಗೆ ನೀರು ಬೆರೆಸುವುದು ಕಲಬೆರಕೆ, ಕಲಬೆರಕೆ ಅಪರಾಧ" ಎಂದು ಎಷ್ಟು ಮಕ್ಕಳಿಂದ ರಾಗವಾಗಿ ಹೇಳಿಸಿದ್ದೇನೋ ಲೆಕ್ಕ ಇಲ್ಲ. ಹಾಗಾಗಿ ನಮ್ಮ ಬೊಳ್ಳಿಯ ಹಾಲನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಬೇಕು ಎಂದಾಗ ನಾನು ಹೇಳಿದ್ದು ಒಂದೇ ಮಾತು: "ಅದರಲ್ಲಿ ಎಂತ ಉಂಟು? ಮಾಡಿಸುವ!"

ನಮ್ಮ ಮನೆಯ ಎಲ್ಲ ಅನಾಹುತಗಳೂ ಹೊರಡುವುದು ಈ "ಎಂತ ಉಂಟು" ಎಂಬಲ್ಲಿಂದಲೇ.

ಬೊಳ್ಳಿ ಎಂದರೆ ನಮ್ಮ ದನ. ಊರಿನ ತಳಿ. ಎತ್ತರದಲ್ಲಿ ಆಡಿಗಿಂತ ಸ್ವಲ್ಪ ಮೇಲೆ, ಕೋಪದಲ್ಲಿ ಆನೆಗಿಂತ ಸ್ವಲ್ಪ ಮೇಲೆ. ಒಂದು ಕಾಲದಲ್ಲಿ ಹಟ್ಟಿ ತುಂಬ ದನಗಳಿದ್ದವು. ಈಗ ಉಳಿದದ್ದು ಬೊಳ್ಳಿ, ಅದರ ಕರು, ಮತ್ತು ಅವುಗಳ ಜೊತೆ ದಿನವಿಡೀ ಮಾತಾಡುವ ನನ್ನ ಅತ್ತೆ.

ಇಷ್ಟರಲ್ಲಿ ನನ್ನ ಗಂಡ ದುಬೈ ಬಿಟ್ಟು ಊರಿಗೆ ಬಂದರು. ಬಂದವರು ಒಂದು ಕಾರು ತೆಗೆದುಕೊಂಡರು. ಕಾರು ಬಂದ ಮೇಲೆ ಅದಕ್ಕೊಂದು ಮನೆ ಬೇಡವೇ?

"ಒಂದು ದನಕ್ಕೆ ಇಷ್ಟು ದೊಡ್ಡ ಹಟ್ಟಿ ಯಾಕೆ? ಹಟ್ಟಿ ತೆಗೆದು ಶೆಡ್ ಮಾಡುವ. ಬೊಳ್ಳಿಯನ್ನು ಯಾರಿಗಾದರೂ ಕೊಡುವ" ಎಂದರು ಇವರು.

ಅತ್ತೆ ಒಂದು ಮಾತೂ ಆಡಲಿಲ್ಲ. ಕಾಫಿ ಲೋಟ ಹಿಡಿದುಕೊಂಡು ಹೋಗಿ ಹಟ್ಟಿಯ ಹೊಸ್ತಿಲಲ್ಲಿ ಕೂತರು. ಮರುದಿನವೂ ಅಲ್ಲೇ. ಅತ್ತೆ ಬೈದರೆ ನಮ್ಮ ಮನೆ ಆರೋಗ್ಯವಾಗಿದೆ ಎಂದರ್ಥ. ಸುಮ್ಮನಾದರೆ ಹೆದರಬೇಕು. ಮದುವೆಯಾಗಿ ಬಂದ ಹೊಸತರಲ್ಲಿ ಅಡುಗೆಮನೆಯಲ್ಲಿ ಅಳು ಬಂದಾಗಲೆಲ್ಲ ನಾನೂ ಓಡಿಹೋಗಿ ಕೂತದ್ದು ಅದೇ ಹೊಸ್ತಿಲಲ್ಲಿ.

ಆಗ ದೇವರು ಕಳಿಸಿದ ಹಾಗೆ ಪದ್ಮಜಕ್ಕನ ಫೋನು ಬಂತು. ಬೆಳ್ತಂಗಡಿ ಕಡೆ ನನ್ನ ತವರಿನ ಪಕ್ಕದ ಜೈನರ ಮನೆಯವರು, ಈಗ ಮೂಡುಬಿದಿರೆಯಲ್ಲಿ ಫ್ಲ್ಯಾಟಿನಲ್ಲಿದ್ದಾರೆ.

"ಶಶೀ, ಪ್ಯಾಕೆಟ್ ಹಾಲು ಕುಡಿದು ಕುಡಿದು ನಾಲಗೆ ಸತ್ತುಹೋಯಿತು ಮಾರಾಯ್ತಿ. ಚಿಕ್ಕಂದಿನಲ್ಲಿ ನಿಮ್ಮ ಮನೆಯಿಂದ ಬರುತ್ತಿತ್ತಲ್ಲ, ಆ ಹಾಲಿನ ರುಚಿ ಸಾಯುವ ಮೊದಲು ಒಮ್ಮೆ ಸಿಕ್ಕಬೇಕು ನೋಡು. ನೀನು ಕೊಡುವುದಾದರೆ ಇಲ್ಲಿ ಇನ್ನೂ ನಾಲ್ಕು ಮನೆಯವರು ತೆಗೆದುಕೊಳ್ಳುತ್ತಾರೆ. ಆದರೆ ಇವರೆಲ್ಲ ಓದಿದವರು, ಪರೀಕ್ಷೆ ಮಾಡಿಸಿದ ಹಾಲೇ ಆಗಬೇಕಂತೆ."

ಫೋನು ಇಟ್ಟ ಮೇಲೆ ನಾನು ಸ್ವಲ್ಪ ಹೊತ್ತು ಬೆಳ್ತಂಗಡಿಗೆ ಹೋಗಿಬಿಟ್ಟೆ. ಬಸ್ಸಿನಲ್ಲಿ ಅಲ್ಲ, ಮನಸ್ಸಿನಲ್ಲಿ. ಬೆಳಗ್ಗೆ ಅಮ್ಮ ಹಾಲು ಕರೆದು, ಕುಡ್ತೆಯಲ್ಲಿ ಅಳೆದು ಚೊಂಬಿಗೆ ಹೊಯ್ಯುತ್ತಿದ್ದಳು. ನಾನು ಚೊಂಬು ಎತ್ತುವ ಮೊದಲು ಮೂರು ಬೆರಳು ನೀರಿಗೆ ಅದ್ದಿ ಹಾಲಿಗೆ ಕೊಡವುತ್ತಿದ್ದಳು. ಬರೀ ಹಾಲು ಮನೆಯಿಂದ ಹೊರಗೆ ಹೋಗಬಾರದು, ದನಕ್ಕೆ ದೃಷ್ಟಿ ತಾಗಿ ಕೆಚ್ಚಲು ಬತ್ತುತ್ತದೆ ಎಂಬ ನಂಬಿಕೆ. ಬಿಸಿ ಬಿಸಿ ಚೊಂಬನ್ನು ಎದೆಗೆ ಅವಚಿಕೊಂಡು ಗದ್ದೆಯ ಅಂಚಿನ ಕಿರಿದಾದ ಹುಣಿಯ ಮೇಲೆ ನಾನು ನಡೆಯುತ್ತಿದ್ದೆ. ಮಂಜಿಗೆ ಕಾಲು ಕೊರೆಯುತ್ತಿತ್ತು, ಎದೆ ಮಾತ್ರ ಬೆಚ್ಚಗೆ. ಪದ್ಮಜಕ್ಕನ ಅಮ್ಮ ಚೊಂಬನ್ನು ಖಾಲಿ ಹಿಂದೆ ಕೊಟ್ಟದ್ದೇ ಇಲ್ಲ. ತಳದಲ್ಲಿ ಒಂದು ಬೆಲ್ಲದ ತುಂಡು ಇರುತ್ತಿತ್ತು. ಈಗಲೂ ಕರೆದ ಹಾಲಿನ ವಾಸನೆ ಬಂದರೆ ನನಗೆ ಬೆಲ್ಲ ನೆನಪಾಗಿ ಬಾಯಲ್ಲಿ ನೀರೂರುತ್ತದೆ.

"ನಮ್ಮ ಹಾಲಿಗೆ ಗಿರಾಕಿ ಉಂಟು. ಹಟ್ಟಿ ತೆಗೆಯುವುದು ಬೇಡ" ಎಂದೆ ಇವರಿಗೆ.

"ಲ್ಯಾಬಿನಲ್ಲಿ ಪಾಸಾದರೆ ಹಟ್ಟಿ, ಫೇಲಾದರೆ ಶೆಡ್. ಆಮೇಲೆ ಪಿರಿಪಿರಿ ಮಾಡಬಾರದು" ಎಂದರು ಇವರು. (ಮನೆಯಲ್ಲಿ ನಾವು ಜಗಳ ಆಡುವುದು ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಖಾರ ಸ್ವಲ್ಪ ಕಡಿಮೆಯಾಗಿದೆ, ಕ್ಷಮಿಸಬೇಕು.)

ಮೊದಲು ದನದ ಡಾಕ್ಟರು ಬಂದರು. ಬೊಳ್ಳಿಗೆ ಸೂಜಿ ಚುಚ್ಚಿದರು, ರಕ್ತ ತೆಗೆದರು. ಕೆಲವು ದಿನ ಕಳೆದು ಅದಕ್ಕೆ ಯಾವ ರೋಗವೂ ಇಲ್ಲ ಎಂದು ಗೊತ್ತಾಯಿತು. ದನ ಪಾಸು! ಇನ್ನು ಮನುಷ್ಯರ ಸರದಿ.

"ಹಸಿ ಹಾಲು ಮಾರುವುದು ಅಂದರೆ ಆಟ ಅಲ್ಲ ಟೀಚರ್," ಡಾಕ್ಟರು ಹೇಳಿದರು. "ಕೈಯ ಕೊಳೆ, ಪಾತ್ರೆಯ ಕೊಳೆ ಎಲ್ಲ ಸೀದಾ ಮಕ್ಕಳ ಹೊಟ್ಟೆಗೆ ಹೋಗ್ತದೆ. ಕೆಚ್ಚಲು ತೊಳೆದು ಒರೆಸಿ. ಮೊದಲ ಧಾರೆ ಬೇರೆ ತೆಗೆಯಿರಿ. ಕರೆದ ಕೂಡಲೇ ಐಸಿನಲ್ಲಿ ಇಡಿ. ತೆಗೆದುಕೊಂಡವರಿಗೂ ಕಾಯಿಸಿಯೇ ಕುಡಿಯಲಿಕ್ಕೆ ಹೇಳಿ."

ಡಾಕ್ಟರು ಹೇಳಿದ್ದಕ್ಕಿಂತ ಎರಡು ಪಾಲು ಹೆಚ್ಚು ಮಾಡಬೇಕೆಂದು ನಾನು ತೀರ್ಮಾನಿಸಿದೆ. ಪರೀಕ್ಷೆಯ ದಿನ ಬೆಳಗ್ಗೆ ತಲೆಗೆ ಇವರು ಯಾವುದೋ ಹೋಟೆಲಿನಿಂದ ತಂದಿದ್ದ ಸ್ನಾನದ ಪ್ಲಾಸ್ಟಿಕ್ ಟೊಪ್ಪಿ, ಮುಖಕ್ಕೆ ಮಾಸ್ಕ್, ಕೈಗೆ ಮೊಣಕೈವರೆಗೆ ಬರುವ ಹಳದಿ ರಬ್ಬರ್ ಗ್ಲೌಸ್. ಗ್ಲೌಸ್ ನನ್ನ ಕೈಗಿಂತ ಬಹಳ ದೊಡ್ಡದು. ಬೆರಳಿನ ತುದಿಗಳು ಮುಂದೆ ಜೋತಾಡುತ್ತಿದ್ದವು. ಇರಲಿ, ಶುಚಿತ್ವ ಮುಖ್ಯ!

ಬೊಳ್ಳಿ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿತು. ನಾನು ಕೆಚ್ಚಲಿಗೆ ಕೈ ಹಾಕಿದ್ದೇ ತಡ, ಒಂದು ಒದೆ! ನಾನು ಬೈಹುಲ್ಲಿನ ರಾಶಿಯಲ್ಲಿ, ಪಾತ್ರೆ ಸೆಗಣಿಯಲ್ಲಿ.

"ಆ ವೇಷ ನೋಡಿದರೆ ನಾನೇ ಒದೆಯುತ್ತಿದ್ದೆ" ಎಂದರು ಅತ್ತೆ. ಎಷ್ಟೋ ದಿನಗಳ ನಂತರ ಅವರ ಬಾಯಿಯಿಂದ ಬಂದ ಮೊದಲ ಬೈಗುಳ. ನನಗೆ ಸೊಂಟ ನೋವಿನಲ್ಲೂ ಖುಷಿಯಾಯಿತು.

ಅತ್ತೆ ಸೋಪು ಹಾಕಿ ಕೈ ತೊಳೆದು, ತಲೆಗೆ ಒಗೆದ ಬೈರಾಸು ಕಟ್ಟಿ, "ಬಾ ಮಗಳೇ" ಎಂದು ದನವನ್ನು ಕರೆಯುತ್ತ ಕೂತರು. ಬೊಳ್ಳಿ ಕಣ್ಣು ಮುಚ್ಚಿ ನಿಂತಿತು. ಬೇರೆ ಸ್ಟೀಲ್ ಪಾತ್ರೆಗೆ ಸೊರ್ ಸೊರ್ ಎಂದು ಹಾಲು ಬಿತ್ತು. ಅದನ್ನು ನಾನೇ ಅಡುಗೆಮನೆಗೆ ತಂದು, ಗ್ಲೌಸನ್ನು ಇನ್ನೊಮ್ಮೆ ತೊಳೆದು, ಕುದಿಸಿ ಇಟ್ಟಿದ್ದ ಸಣ್ಣ ಬಾಟ್ಲಿಗೆ ಹೊಯ್ದೆ. ಕಾಲು ಲೀಟರ್ ಹಿಡಿಯುವ ಬಾಟ್ಲಿ. ನಮ್ಮ ಹಟ್ಟಿಯ ಹಣೆಬರಹ ಅಷ್ಟರಲ್ಲಿ ಇತ್ತು.

"ಐಸ್ ತಂದಿದ್ದೇನೆ" ಎಂದು ಇವರು ಒಂದು ಥರ್ಮಾಕೋಲ್ ಪೆಟ್ಟಿಗೆ ತಂದಿಟ್ಟರು.

"ಎಲ್ಲಿಂದ?"

"ಮೀನಿನ ಅಂಗಡಿಯಿಂದ. ಮತ್ತೆ ಐಸ್ ಚಿನ್ನದ ಅಂಗಡಿಯಲ್ಲಿ ಸಿಗ್ತದಾ? ಪೆಟ್ಟಿಗೆ ತೊಳೆದಿದ್ದೇನೆ ಮಾರಾಯ್ತಿ."

ಬೇರೆ ದಾರಿ ಇರಲಿಲ್ಲ. ಬಾಟ್ಲಿಯನ್ನು ಅದರಲ್ಲೇ ಇಟ್ಟು ಕಾರು ಹತ್ತಿದೆವು. ದಾರಿಯಲ್ಲಿ ನಾನು ಕಾರು ನಿಲ್ಲಿಸಿ ಇಳಿದು ಒಂದು ಅಟ್ಟೆ ಮಲ್ಲಿಗೆ ತೆಗೆದುಕೊಂಡು ಮುಡಿದೆ. ಲ್ಯಾಬಿಗೆ ಹೋಗಲು ಮಲ್ಲಿಗೆ ಯಾಕೆ ಎಂದು ಕೇಳಬೇಡಿ. ಗೆದ್ದು ಬರುವವಳು ಬೋಳು ತಲೆಯಲ್ಲಿ ಹೋಗುವುದೇ?

ಮೂಡುಬಿದಿರೆಯ ಲ್ಯಾಬಿನಲ್ಲಿ ಬಿಳಿ ಕೋಟು ಹಾಕಿದ ಹುಡುಗಿಯೊಬ್ಬಳು ಎದ್ದು ನಿಂತಳು. "ನಮಸ್ತೆ ಟೀಚರ್! ನಾನು ರಕ್ಷಿತಾ, ನಿಮ್ಮ ಏಳನೇ ಕ್ಲಾಸಿನವಳು." ಟೀಚರಾದವಳಿಗೆ ಈ ಊರುಗಳಲ್ಲಿ ಗುಟ್ಟಾಗಿ ಮಾನ ಕಳೆದುಕೊಳ್ಳುವ ಸೌಕರ್ಯವೇ ಇಲ್ಲ ನೋಡಿ!

ಅವಳು ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದು ಹುಬ್ಬು ಗಂಟಿಕ್ಕಿದಳು. "ಟೀಚರ್, ಇದಕ್ಕೆ ಬಂಗುಡೆ ಮೀನಿನ ವಾಸನೆ ಉಂಟಲ್ಲ?"

"ಐಸಿನದ್ದು, ಐಸಿನದ್ದು," ಎಂದರು ಇವರು.

ಆಮೇಲೆ ಹಾಲನ್ನು ಉದ್ದ ಪಾತ್ರೆಗೆ ಹೊಯ್ದು ಲ್ಯಾಕ್ಟೋಮೀಟರ್ ಬಿಟ್ಟಳು. ಒಳ್ಳೆಯ ಹಾಲಿನಲ್ಲಿ ಆ ಗಾಜಿನ ಬುರುಡೆ ತಲೆ ಎತ್ತಿ ತೇಲುತ್ತದೆ, ನೀರಿದ್ದರೆ ಕೆಳಗಿಳಿಯುತ್ತದೆ. ಇದೂ ನಾನೇ ಮಾಡಿದ ಪಾಠ. ಬುರುಡೆ ಇಳಿಯಿತು. ಇನ್ನೂ ಇಳಿಯಿತು. ರಕ್ಷಿತಾ ಎರಡನೇ ಸಲ ಬಿಟ್ಟಳು. ನನ್ನ ಮೇಲಿನ ಗೌರವದಿಂದ ಮೂರನೇ ಸಲವೂ ಬಿಟ್ಟಳು. ಬುರುಡೆಗೆ ಯಾವ ಗೌರವವೂ ಇರಲಿಲ್ಲ.

"ಟೀಚರ್..." ಅವಳ ಸ್ವರ ಸಣ್ಣದಾಯಿತು. "ಇದಕ್ಕೆ ನೀರು ಸೇರಿದೆ. ಉಳಿದ ಪರೀಕ್ಷೆ ಮಾಡಿಯೂ ಪ್ರಯೋಜನ ಇಲ್ಲ."

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಪಕ್ಕದ ಬೆಂಚಿನಲ್ಲಿ ಕೂತಿದ್ದವರೊಬ್ಬರು ನನ್ನ ಮಲ್ಲಿಗೆಯನ್ನೂ ಬಾಟ್ಲಿಯನ್ನೂ ಬದಲಿಸಿ ಬದಲಿಸಿ ನೋಡಿದರು.

ಕಾರಿನಲ್ಲಿ ಕೂತದ್ದೇ ನಾನು ಸುರು ಮಾಡಿದೆ. "ನಾನು ಮಲ್ಲಿಗೆಗೆ ಇಳಿದಾಗ ಬಾಟ್ಲಿ ನಿಮ್ಮ ಹತ್ತಿರ ಇತ್ತು. ಶೆಡ್ ಬೇಕಾದದ್ದು ನಿಮಗೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು! ನೀರು ಹಾಕಿದ್ದು ನೀವೇ ಅಲ್ವಾ?"

ಇವರು ಕಾರು ಸ್ಟಾರ್ಟ್ ಮಾಡಿದರು. ಶಿರ್ತಾಡಿ ಬರುವವರೆಗೂ ಸ್ಟೇರಿಂಗ್ ಬಿಟ್ಟು ಬೇರೆ ಕಡೆ ನೋಡಲಿಲ್ಲ. ನನಗೆ ಖಾತ್ರಿಯಾಯಿತು.

ಅತ್ತೆ ಹೊಸ್ತಿಲಲ್ಲೇ ಕಾದಿದ್ದರು. ನಮ್ಮ ಮುಖ ನೋಡಿ ಅವರ ಮುಖ ಬಾಡಿತು. "ಹಾಲಿನಲ್ಲಿ ನೀರು ಇತ್ತಂತೆ ಅತ್ತೆ," ಎಂದೆ.

"ಇರದೆ ಮತ್ತೆ?" ಎಂದರು ಅತ್ತೆ. "ನೀನು ಸೀರೆ ಬದಲಿಸಲು ಹೋದಾಗ ನಾನು ಹಾಕಿದೆ. ಬರೀ ಹಾಲು ಹೊರಗೆ ಕಳಿಸ್ತಾರಾ ಯಾರಾದರೂ? ಬೊಳ್ಳಿಗೆ ದೃಷ್ಟಿ ಆಗುವುದಿಲ್ವಾ? ಮೂರೇ ಬೆರಳು."

ಮೂರು ಬೆರಳಿನ ಹನಿಯಿಂದ ಅಷ್ಟು ನೀರಾಗುವುದಿಲ್ಲ ಎಂದು ನನಗೆ ವಿಜ್ಞಾನ ಹೇಳಿತು. ನಾನು ಇವರ ಕಡೆ ತಿರುಗಿದೆ. ಇವರು ಗಂಟಲು ಸರಿಮಾಡಿಕೊಂಡರು.

"ಅಮ್ಮ ಗಡಿಬಿಡಿಯಲ್ಲಿ ಮರೆತಿರಬಹುದು ಅಂತ ನಾನೂ ಹಾಕಿದೆ. ಕುಡಿಯುವ ನೀರಿನ ಬಾಟ್ಲಿಯ ಮುಚ್ಚಳದಲ್ಲಿ. ಒಂದೇ ಮುಚ್ಚಳ."

"ನಿಮಗೆ ದನವೇ ಬೇಡ ಅಲ್ವಾ? ಮತ್ತೆ ದೃಷ್ಟಿ ಆದರೆ ಎಂತ ಆಯಿತು?"

"ಹಟ್ಟಿ ತೆಗೆಯುವ ಅಂತ ಹೇಳಿದ್ದು. ದನದ ಕೆಚ್ಚಲು ಬತ್ತಲಿ ಅಂತ ಹೇಳಿದ್ದಾ ನಾನು?" ಇವರಿಗೆ ಸಿಟ್ಟೇ ಬಂತು. ಆಮೇಲೆ ತಗ್ಗಿದ ಸ್ವರದಲ್ಲಿ, "ದುಬೈಯಲ್ಲಿ ರೂಮಿನವನಿಗೆ ಪ್ಯಾಕೆಟ್ ಹಾಲು ಕೊಡುವಾಗಲೂ ನಾನು ಎರಡು ಹನಿ ನೀರು ಹಾಕುತ್ತಿದ್ದೆ. ಅವನು ನಗುತ್ತಿದ್ದ. ಅದು ಯಾವ ದನದ ಹಾಲೋ ಏನೋ. ಹಾಕುವಾಗ ನನಗೆ ಈ ಹಟ್ಟಿಯೇ ಕಣ್ಣ ಮುಂದೆ ಬರುತ್ತಿತ್ತು."

ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನ್ನ ಸಿಟ್ಟೂ ಎಲ್ಲಿ ಹೋಯಿತೋ. ಅಷ್ಟು ವರ್ಷ ಮರಳುಗಾಡಿನಲ್ಲಿ ಕೂತು ಇಲ್ಲಿಯ ಹಟ್ಟಿಗೆ ದೃಷ್ಟಿ ತೆಗೆದವರನ್ನು ನಾನು ದಾರಿಯುದ್ದಕ್ಕೂ ಕಳ್ಳ ಎಂದಿದ್ದೆನಲ್ಲ!

ಆದರೂ ಟೀಚರ್ ಬುದ್ಧಿ ಬಿಡಬೇಕಲ್ಲ. ಮೂರು ಬೆರಳು, ಒಂದು ಮುಚ್ಚಳ. ಎರಡೂ ಸೇರಿದರೂ ಬುರುಡೆ ಅಷ್ಟು ಕೆಳಗೆ ಇಳಿಯಬಾರದು. ಮೂರನೆಯವರು ಯಾರು? ಯೋಚಿಸುತ್ತ ಅಡುಗೆಮನೆಗೆ ಹೋದೆ. ಒಲೆಯ ಪಕ್ಕದಲ್ಲಿ ತಾಮ್ರದ ಕೊಡ ಇತ್ತು. ಅದರ ಬಾಯಿಯ ಮೇಲೆ ನನ್ನ ಹಳದಿ ಗ್ಲೌಸ್ ಇತ್ತು.

ಅಯ್ಯೋ ದೇವರೇ!

ಬಾಟ್ಲಿಯ ಮುಚ್ಚಳ ಹಾಕುವ ಮೊದಲು ನನ್ನ ಕೈ ತನ್ನಷ್ಟಕ್ಕೆ ಕೊಡದೊಳಗೆ ಹೋಗಿತ್ತು. ಅಮ್ಮನ ಕೈ ಹೋಗುತ್ತಿದ್ದ ಹಾಗೆಯೇ. ಮೂರು ಬೆರಳು ಅದ್ದಿ ಹಾಲಿಗೆ ಕೊಡವಿದ್ದೆ. ಬೆರಳು ಮೂರೇ ನಿಜ, ಆದರೆ ಗ್ಲೌಸಿನ ಬೆರಳು! ಮೊದಲೇ ತೊಳೆದದ್ದು, ಜೋತಾಡುತ್ತಿದ್ದ ತುದಿಗಳ ಮಡಿಕೆಗಳಲ್ಲಿ ನಿಂತಿದ್ದ ನೀರೆಲ್ಲ ಬೊಳಬೊಳ ಎಂದು ಬಾಟ್ಲಿಗೆ ಇಳಿದಿತ್ತು. ಶುಚಿತ್ವಕ್ಕೆಂದು ಹಾಕಿದ ಗ್ಲೌಸೇ ಕಲಬೆರಕೆಯ ಸಿಂಹಪಾಲು ಹೊತ್ತಿತ್ತು. ಅಪರಾಧದ ಪಾಠ ಹೇಳಿದವಳೇ ಮೊದಲ ಆರೋಪಿ!

ನಾನು ಹೊರಗೆ ಬಂದು ಒಪ್ಪಿಕೊಂಡೆ. ಅತ್ತೆ ನಕ್ಕರು. ಇವರು ಕೂತಲ್ಲೇ ಬಗ್ಗಿ ಬಗ್ಗಿ ನಕ್ಕು, ಕೆಮ್ಮಿ, ಕೊನೆಗೆ "ಇನ್ನೊಮ್ಮೆ ಪರೀಕ್ಷೆಗೆ ಕೊಡುವ, ಆಯ್ತಾ?" ಎಂದರು.

ಮರುದಿನ ಗ್ಲೌಸಿಲ್ಲ, ಟೊಪ್ಪಿಯಿಲ್ಲ. ತೊಳೆದ ಕೈ, ತೊಳೆದ ಕೆಚ್ಚಲು, ಮನೆಯ ಫ್ರಿಜ್ಜಿನ ಐಸು. ಆದರೆ ಮುಚ್ಚಳ ಹಾಕುವಾಗ ಮೂವರೂ ಮುಖ ಮುಖ ನೋಡಿಕೊಂಡೆವು. ಬರೀ ಹಾಲು ಹೊರಡುವುದು ಹೇಗೆ?

"ಮುಚ್ಚಳ ಹಾಕಿದ ಮೇಲೆ ಬಾಟ್ಲಿಯ ಹೊರಗೆ ಹಾಕುವ" ಎಂದೆ ನಾನು. ವಿಜ್ಞಾನಕ್ಕೂ ಭಂಗವಿಲ್ಲ, ಬೊಳ್ಳಿಗೂ ದೃಷ್ಟಿಯಿಲ್ಲ! ಮೂವರೂ ಸಾಲಾಗಿ ನಿಂತು ಬಾಟ್ಲಿಗೆ ನೀರು ಚಿಮುಕಿಸಿದೆವು. ಲ್ಯಾಬಿಗೆ ತಲುಪುವಾಗ ಅದರ ಮೇಲೆ ಪೆನ್ನಿನಲ್ಲಿ ಬರೆದಿದ್ದ ನನ್ನ ಹೆಸರು ಪೂರ್ತಿ ಅಳಿಸಿಹೋಗಿತ್ತು.

"ಪರವಾಗಿಲ್ಲ ಟೀಚರ್," ಎಂದಳು ರಕ್ಷಿತಾ. "ಒದ್ದೆ ಬಾಟ್ಲಿ ನಿಮ್ಮದೊಂದೇ. ಗುರುತು ಸಿಗ್ತದೆ."

ಈ ಸಲ ಬುರುಡೆ ತಲೆ ಎತ್ತಿ ತೇಲಿತು. ಉಳಿದ ಪರೀಕ್ಷೆಗಳೂ ಪಾಸು. ಹಟ್ಟಿ ಉಳಿಯಿತು, ಕಾರು ಹಲಸಿನ ಮರದಡಿಗೆ ಹೋಯಿತು. ದಿನಾ ಬೆಳಗ್ಗೆ ಅದರ ಮೇಲಿನ ಕಾಗೆ ಹಿಕ್ಕೆ ತೊಳೆಯುವಾಗ ಇವರು ನನ್ನನ್ನು ನೆನೆಯುತ್ತಾರೆ. ಅತ್ತೆ ಮೊದಲಿನ ಹಾಗೆ ಎಲ್ಲರಿಗೂ ಬೈಯುತ್ತಿದ್ದಾರೆ.

ಮೊದಲ ಬಾಟ್ಲಿ ಪದ್ಮಜಕ್ಕನಿಗೆ ಹೋಯಿತು. ಮಧ್ಯಾಹ್ನ ಫೋನು ಬಂತು. ನಾನು ಎದೆ ಉಬ್ಬಿಸಿ ನಿಂತೆ.

"ಶಶೀ, ಹಾಲು ಕಾಯಿಸಿ ಕುಡಿದೆ. ಒಳ್ಳೆಯದುಂಟು. ಆದರೆ ಆಗಿನ ರುಚಿ ಇಲ್ಲ ಅನಿಸಿತು. ಸ್ವಲ್ಪ ದಪ್ಪ ಆಯಿತು ಮಾರಾಯ್ತಿ. ಒಂದು ಲೋಟ ನೀರು ಹಾಕಿ ಪುನಃ ಕಾಯಿಸಿದೆ ನೋಡು, ಅಬ್ಬಾ! ಅದೇ ನಿಮ್ಮ ಅಮ್ಮ ಕೊಡುತ್ತಿದ್ದ ಹಾಲು! ಕಣ್ಣಲ್ಲಿ ನೀರು ಬಂತು."

ಫೋನು ಇಟ್ಟೆ. "ಹೇಗುಂಟಂತೆ ಹಾಲು?" ಹಟ್ಟಿಯಿಂದ ಅತ್ತೆ ಕೂಗಿ ಕೇಳಿದರು.

"ನನ್ನ ಅಮ್ಮ ಕೊಡುತ್ತಿದ್ದ ಹಾಗೆಯೇ ಉಂಟಂತೆ!" ಎಂದೆ.

ಎಷ್ಟು ನೀರು ಹಾಕಿದ ಮೇಲೆ ಎಂದು ಮಾತ್ರ ಹೇಳಲಿಲ್ಲ. ತವರಿನ ಮಾನದ ಪ್ರಶ್ನೆ!